ಎಂಪಿ ಹಾಜರಿ ಸಿಗುತ್ತದೆ, ಓಟು ಸಿಗುವುದಿಲ್ಲ

ನಮ್ಮ ಮನೆಯ ವಾಟ್ಸ್‌ಆಪ್ ಗುಂಪಿಗೆ ಆಗಾಗ ಒಂದು ಚಿತ್ರ ಬರುತ್ತದೆ. ಎಂಪಿ ಫೋಟೊ, ಪಕ್ಕದಲ್ಲಿ ದಪ್ಪ ಅಕ್ಷರದ ಮೂರು ಅಂಕಿ. ಹಾಜರಾತಿ ಇಷ್ಟು, ಕೇಳಿದ ಪ್ರಶ್ನೆ ಇಷ್ಟು, ಚರ್ಚೆ ಇಷ್ಟು. ಅಭಿಮಾನಿಗಳು ಕಳಿಸಿದರೆ ಹಸಿರು ಬಣ್ಣದಲ್ಲಿ, ಆಗದವರು ಕಳಿಸಿದರೆ ಕೆಂಪು ಬಣ್ಣದಲ್ಲಿ. ಈಚೆಗೆ ಮತ್ತೆ ಬಂದಾಗ ಹಿರಿಯ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ಟರಾಗಿ ನಿವೃತ್ತರಾದ ನಮ್ಮ ಚಿಕ್ಕಪ್ಪ ಫೋನ್ ಮಾಡಿದರು. "ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಹೋಟೆಲ್ ಕಡೆ ಹೋಗೋ ಮೇಷ್ಟ್ರುಗಳನ್ನ ಮೂವತ್ತು ವರ್ಷ ನೋಡಿದೀನಿ ಕಣೋ. ಇವರು ಒಳಗೆ ಹೋಗಿ ಯಾವುದಕ್ಕೆ ಹೂಂ ಅಂದ್ರು, ಯಾವುದಕ್ಕೆ ಊಹೂಂ ಅಂದ್ರು, ಅದನ್ನ ಯಾರೂ ಹಾಕಿಲ್ವಲ್ಲ?"

ನೋಡಿ ಹೇಳುತ್ತೇನೆ ಅಂದೆ. ಅರ್ಧ ಗಂಟೆಯ ಕೆಲಸ ಎಂದುಕೊಂಡಿದ್ದೆ. ಮೂರು ಸಂಜೆ ಹೋಯಿತು.

ಮೊದಲು ಆ ಮೂರು ಅಂಕಿಗಳ ವಿಷಯ. ಇವು ಯಾರೋ ಕಟ್ಟಿದ್ದಲ್ಲ. ಸಂಸತ್ತಿನದೇ ದಾಖಲೆಗಳನ್ನು ಹೆಕ್ಕಿ ದೆಹಲಿಯ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಎಂಬ ಸಂಸ್ಥೆ ಪ್ರತಿಯೊಬ್ಬ ಸಂಸದನ ಲೆಕ್ಕ ಇಡುತ್ತದೆ. ಪತ್ರಿಕೆಗಳ ರಿಪೋರ್ಟ್ ಕಾರ್ಡುಗಳು ಹೆಚ್ಚಾಗಿ ಅಲ್ಲಿಂದಲೇ ಬರುವುದು. ಅಂಕಿ ಸರಿಯಾಗಿಯೇ ಇರುತ್ತದೆ. ಅದರಿಂದ ನಾವು ಏನು ಅರ್ಥ ಮಾಡಿಕೊಳ್ಳುತ್ತೇವೆ ಅನ್ನುವುದರಲ್ಲಿ ಎಡವಟ್ಟು.

ಹಾಜರಾತಿ ಅಂದರೆ ಆ ದಿನ ಸಹಿ ಹಾಕಿದ್ದಾರೆ ಎಂದು, ಅಷ್ಟೆ. ಲಾಬಿಯ ರಿಜಿಸ್ಟರಿಗೆ ಸಹಿ ಹಾಕುವುದು ಹಳೆಯ ಪದ್ಧತಿ, ಆಮೇಲೆ ಎಲೆಕ್ಟ್ರಾನಿಕ್ ಟ್ಯಾಬ್ ಬಂತು. ಸಹಿ ಇದ್ದರೆ ದಿನಭತ್ಯೆ ಸಿಗುತ್ತದೆ, ಈಗ ದಿನಕ್ಕೆ 2,500 ರೂಪಾಯಿ. ಹತ್ತು ನಿಮಿಷ ಕೂತವರಿಗೂ ಒಂದು ದಿನ, ರಾತ್ರಿ ಹನ್ನೆರಡರವರೆಗೆ ಕೂತವರಿಗೂ ಒಂದು ದಿನ. ಮಂತ್ರಿಗಳು ಸಹಿ ಹಾಕಬೇಕಿಲ್ಲ, ವಿರೋಧ ಪಕ್ಷದ ನಾಯಕರೂ ಹಾಕಬೇಕಿಲ್ಲ. ಹಾಗಾಗಿ ಧಾರವಾಡದ ಪ್ರಲ್ಹಾದ ಜೋಶಿ, ಮಂಡ್ಯದ ಕುಮಾರಸ್ವಾಮಿ, ತುಮಕೂರಿನ ಸೋಮಣ್ಣ, ಬೆಂಗಳೂರು ಉತ್ತರದ ಶೋಭಾ ಕರಂದ್ಲಾಜೆ ಇವರ ರಿಪೋರ್ಟ್ ಕಾರ್ಡ್ ಖಾಲಿ ಇದೆ ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ ನಂಬಬೇಡಿ. ಮಂತ್ರಿ ಉತ್ತರ ಕೊಡುವವನು. ಅವನು ಪ್ರಶ್ನೆ ಕೇಳುವ ಹಾಗಿಲ್ಲ.

ಇನ್ನು ಶೇಕಡಾವಾರು ಲೆಕ್ಕ. ಶೇ. 90 ಅಂದ ತಕ್ಷಣ ಫಸ್ಟ್ ಕ್ಲಾಸ್ ಅನಿಸುತ್ತದೆ, ಅಲ್ವಾ? 2019ರಿಂದ 2024ರವರೆಗಿನ 17ನೇ ಲೋಕಸಭೆ ಐದು ವರ್ಷದಲ್ಲಿ ಸೇರಿದ್ದೇ 274 ದಿನ. ಪೂರ್ತಿ ಅವಧಿ ಮುಗಿಸಿದ ಲೋಕಸಭೆಗಳಲ್ಲೇ ಇದು ಅತಿ ಕಡಿಮೆ. 1952ರ ಮೊದಲ ಲೋಕಸಭೆ 677 ದಿನ ಸೇರಿತ್ತು. ಅಂದರೆ ಒಂದು ದಿನವೂ ತಪ್ಪಿಸದ ಎಂಪಿ ಕೂಡ ವರ್ಷಕ್ಕೆ ಸರಾಸರಿ 55 ದಿನ ಸದನಕ್ಕೆ ಹೋಗಿದ್ದಾರೆ. ಇದನ್ನು ಹೇಳಿದಾಗ ಚಿಕ್ಕಪ್ಪ ಜೋರಾಗಿ ನಕ್ಕರು. ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ ಪಾಠ ನಡೆಯಲೇಬೇಕು ಎಂದು ಕಾನೂನು ಮಾಡಿದ್ದು ಇದೇ ಸಂಸತ್ತು, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ. ತನಗೆ ಮಾತ್ರ ಅಂಥ ಯಾವ ನಿಯಮವನ್ನೂ ಅದು ಮಾಡಿಕೊಂಡಿಲ್ಲ. ಅನುಮತಿ ಇಲ್ಲದೆ 60 ದಿನ ಗೈರಾದರೆ ಸ್ಥಾನ ಖಾಲಿ ಎಂದು ಘೋಷಿಸಬಹುದು ಎಂದು ಸಂವಿಧಾನದ 101ನೇ ವಿಧಿ ಹೇಳುತ್ತದೆ, ನಿಜ. ಆದರೆ ಆ 60ರಲ್ಲಿ ಸದನ ಮುಗಿದು ಮನೆಗೆ ಹೋದ ದಿನಗಳು ಲೆಕ್ಕಕ್ಕಿಲ್ಲ. ಸಚಿನ್ ತೆಂಡೂಲ್ಕರ್ ರಾಜ್ಯಸಭೆಯಲ್ಲಿ ಆರು ವರ್ಷ ಇದ್ದರು, ಹಾಜರಾತಿ ಶೇ. 10 ಕೂಡ ದಾಟಲಿಲ್ಲ. ಸ್ಥಾನಕ್ಕೇನೂ ಆಗಲಿಲ್ಲ.

ಪ್ರಶ್ನೆಗಳ ಕಥೆ ಬೇರೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಇಲ್ಲದ ಪ್ರಶ್ನೆ. ಚುಕ್ಕೆ ಇರುವುದಕ್ಕೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು, ಮೇಲೆ ಉಪಪ್ರಶ್ನೆಯನ್ನೂ ಎದುರಿಸಬೇಕು. ಚುಕ್ಕೆ ಇಲ್ಲದ್ದಕ್ಕೆ ಇಲಾಖೆ ಬರೆದುಕೊಟ್ಟ ಕಾಗದ ಸಾಕು. ಯಾರ ಪ್ರಶ್ನೆ ಬರಬೇಕು ಅನ್ನುವುದು ಲಾಟರಿ. ರಿಪೋರ್ಟ್ ಕಾರ್ಡಿನಲ್ಲಿ ಕಾಣುವ ಮುನ್ನೂರು, ನಾನೂರು ಪ್ರಶ್ನೆಗಳಲ್ಲಿ ಬಹುಪಾಲು ಎರಡನೇ ಜಾತಿಯವು. ಒಂದೇ ವಿಷಯಕ್ಕೆ ಐದಾರು ಸಂಸದರ ಹೆಸರು ಒಟ್ಟಿಗೆ ಸೇರಿಸಿ ಒಂದೇ ಉತ್ತರ ಕೊಡುವುದೂ ಇದೆ, ಆಗ ಎಲ್ಲರ ಖಾತೆಗೂ ಒಂದೊಂದು ಅಂಕ. ಪ್ರಶ್ನೆಯ ಪಠ್ಯ ತೆರೆದು ನೋಡಿದರೆ ಯಾರು ಏನು ಅಂತ ತಕ್ಷಣ ಗೊತ್ತಾಗುತ್ತದೆ. ಒಬ್ಬರು ತಮ್ಮ ಜಿಲ್ಲೆಯ ಯಾವ ರೈಲ್ವೆ ಮೇಲ್ಸೇತುವೆಗೆ ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು, ಯಾಕೆ ನಿಂತಿದೆ ಎಂದು ಕೇಳಿರುತ್ತಾರೆ. ಇನ್ನೊಬ್ಬರು ಸರ್ಕಾರ ಆ ಯೋಜನೆ ಜಾರಿ ಮಾಡಿದೆಯೇ, ಮಾಡಿದ್ದರೆ ಅದರ ಲಾಭಗಳೇನು ಎಂದು ಕೇಳಿರುತ್ತಾರೆ. ಎರಡನೆಯದು ಪ್ರಶ್ನೆಯಲ್ಲ, ಮಂತ್ರಿಗೆ ಹಾಕಿಕೊಟ್ಟ ಬಾಲು. ಅಂಕ ಎರಡಕ್ಕೂ ಒಂದೇ.

ಚರ್ಚೆಯ ಅಂಕಿಯೂ ಹೀಗೇ. ಶೂನ್ಯವೇಳೆಯಲ್ಲಿ ಎದ್ದು ಎರಡು ನಿಮಿಷ ಊರಿನ ರೈಲು ಕೇಳಿದರೂ ಒಂದು, ಮಸೂದೆಯ ಮೇಲೆ ಅರ್ಧ ಗಂಟೆ ಕಲಂ ಕಲಂ ಹಿಡಿದು ಮಾತಾಡಿದರೂ ಒಂದು. ನಿಯಮ 377 ಎಂದು ಒಂದಿದೆ. ಸಣ್ಣ ಟಿಪ್ಪಣಿ ಬರೆದುಕೊಟ್ಟು ಮೇಜಿನ ಮೇಲಿಟ್ಟರೆ ಮುಗಿಯಿತು, ಬಾಯಿ ಬಿಡಬೇಕಿಲ್ಲ. ಕಡತಕ್ಕೆ ಅದೂ ಸೇರುತ್ತದೆ. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದರು, ಇವತ್ತಿಗೂ ನಾವು ಅದನ್ನು ನೆನೆಯುತ್ತೇವೆ. ಇಂದಿನ ಲೆಕ್ಕದಲ್ಲಿ ಅದೂ ಒಂದು ಅಂಕ.

ಹಾಗಂತ ಅಂಕಿ ಸೊನ್ನೆ ಆದರೆ ಅದಕ್ಕೆ ಅರ್ಥ ಇಲ್ಲ ಅನ್ನುತ್ತಿಲ್ಲ. 17ನೇ ಲೋಕಸಭೆ ಮುಗಿಯುವಾಗ, ತಾವು ಸದಸ್ಯರಾಗಿದ್ದಷ್ಟು ಕಾಲ ಯಾವ ಚರ್ಚೆಯಲ್ಲೂ ಬಾಯಿ ತೆರೆಯದ ಒಂಬತ್ತು ಜನರ ಪಟ್ಟಿ ಸುದ್ದಿಯಾಯಿತು. ಸಿನಿಮಾದ ಸನ್ನಿ ದೇವಲ್, ಶತ್ರುಘ್ನ ಸಿನ್ಹಾ ಇದ್ದರು ಅಂತ ಎಲ್ಲರೂ ಅವರನ್ನೇ ಆಡಿಕೊಂಡರು. ಆದರೆ ಒಂಬತ್ತರಲ್ಲಿ ನಾಲ್ವರು ನಮ್ಮವರು. ಉತ್ತರ ಕನ್ನಡದ ಅನಂತಕುಮಾರ್ ಹೆಗಡೆ, ಚಾಮರಾಜನಗರದ ವಿ. ಶ್ರೀನಿವಾಸ ಪ್ರಸಾದ್, ಚಿಕ್ಕಬಳ್ಳಾಪುರದ ಬಿ.ಎನ್. ಬಚ್ಚೇಗೌಡ, ವಿಜಯಪುರದ ರಮೇಶ ಜಿಗಜಿಣಗಿ. ದೇಶದ 543 ಸ್ಥಾನಗಳಲ್ಲಿ ಕರ್ನಾಟಕದ್ದು 28, ಮೌನಿಗಳಲ್ಲಿ ಮಾತ್ರ ಅರ್ಧದ ಹತ್ತಿರ. ಅವರಲ್ಲಿ ಕೆಲವರು ಬರವಣಿಗೆಯಲ್ಲಿ ಪ್ರಶ್ನೆ ಕೊಟ್ಟಿದ್ದರು. ಶ್ರೀನಿವಾಸ ಪ್ರಸಾದರಿಗೆ ಆರೋಗ್ಯ ಚೆನ್ನಾಗಿರಲಿಲ್ಲ, 2024ರ ಏಪ್ರಿಲ್‌ನಲ್ಲಿ ತೀರಿಕೊಂಡರು. ನಾಲ್ವರಲ್ಲಿ ಮತ್ತೆ ಚುನಾವಣೆಗೆ ನಿಂತವರು ಜಿಗಜಿಣಗಿ ಒಬ್ಬರೇ, ಅವರು ಗೆದ್ದರು. ಮತದಾರರು ದಡ್ಡರು ಎಂದು ನಾನು ಹೇಳುವುದಿಲ್ಲ. ಎಂಪಿ ಅಂದರೆ ದೆಹಲಿಯಲ್ಲಿ ಮಾತಾಡುವವನು ಅನ್ನುವ ಲೆಕ್ಕವೇ ನಮ್ಮ ಕಡೆ ಕಡಿಮೆ. ಮದುವೆಗೆ ಬಂದರಾ, ಫೋನ್ ಎತ್ತಿದರಾ, ಆಸ್ಪತ್ರೆಗೆ ಪತ್ರ ಕೊಟ್ಟರಾ, ಇದು ಮೊದಲು. ವಿಧಾನಸಭೆಯದೂ ಇದೇ ಪಾಡು. ಊಟಕ್ಕೆ ಹೋದ ಶಾಸಕರು ವಾಪಸ್ ಸದನಕ್ಕೆ ಬರಲಿ ಎಂದು 2025ರಲ್ಲಿ ನಮ್ಮ ಸ್ಪೀಕರ್ ಯು.ಟಿ. ಖಾದರ್ ರಿಕ್ಲೈನರ್ ಕುರ್ಚಿ ಹಾಕಿಸುವ ಮಾತಾಡಿದ್ದು ನೆನಪಿರಬೇಕು.

ಸರಿ, ಚಿಕ್ಕಪ್ಪನ ಪ್ರಶ್ನೆಗೆ ಬರುತ್ತೇನೆ. ಹೂಂ ಅಂದರಾ, ಊಹೂಂ ಅಂದರಾ?

ನಮ್ಮ ಸಂಸತ್ತಿನಲ್ಲಿ ಮಾಮೂಲಿ ಕಾನೂನು ಪಾಸಾಗುವುದು ಧ್ವನಿಮತದಲ್ಲಿ. ಸ್ಪೀಕರ್ ಪ್ರಸ್ತಾವ ಓದುತ್ತಾರೆ. ಪರವಾಗಿರುವವರು ಹೌದು ಎನ್ನಿ, ವಿರೋಧ ಇರುವವರು ಇಲ್ಲ ಎನ್ನಿ ಅನ್ನುತ್ತಾರೆ. ಎರಡೂ ಕಡೆಯಿಂದ ಕೂಗು ಬರುತ್ತದೆ. 'ಹಾಂ ಕೀ ಜೀತ್ ಹುಯಿ', ಅಂದರೆ ಹೌದು ಅಂದವರು ಗೆದ್ದರು, ಎಂದು ಎರಡು ಸಲ ಹೇಳಿ ಮುಂದಿನ ಕಲಮಿಗೆ ಹೋಗುತ್ತಾರೆ. ಟಿವಿಯಲ್ಲಿ ಒಂದು ಸಲ ಪೂರ್ತಿ ನೋಡಿ, ನಲವತ್ತು ಐವತ್ತು ಕಲಂ ಇರುವ ಮಸೂದೆ ಎಷ್ಟು ಬೇಗ ಮುಗಿಯುತ್ತದೆ ಎಂದು ಗೊತ್ತಾಗುತ್ತದೆ. ಯಾರು ಕೂಗಿದರು, ಯಾರು ಸುಮ್ನೆ ಕೂತರು, ಯಾರು ಕ್ಯಾಂಟೀನಿನಲ್ಲಿದ್ದರು, ಯಾವುದಕ್ಕೂ ದಾಖಲೆ ಇಲ್ಲ.

ಫಲಿತಾಂಶ ಒಪ್ಪದಿದ್ದರೆ ಸದಸ್ಯರು ಡಿವಿಷನ್ ಕೇಳಬಹುದು, ಅಂದರೆ ತಲೆ ಎಣಿಸಿ ಎಂದು. ಆಗ ನೋಡುವುದಕ್ಕೆ ಮಜಾ ಇರುತ್ತದೆ. ಮೂರೂವರೆ ನಿಮಿಷ ಗಂಟೆ ಬಾರಿಸುತ್ತದೆ, ಹೊರಗಿದ್ದವರು ಓಡಿ ಬರುತ್ತಾರೆ, ಬಾಗಿಲು ಹಾಕುತ್ತಾರೆ. ಸೀಟಿನ ಮುಂದೆ ಹಸಿರು, ಕೆಂಪು, ಹಳದಿ ಗುಂಡಿ. ಹಳದಿ ಯಾವ ಕಡೆಗೂ ಇಲ್ಲದವರಿಗೆ. ಗುಂಡಿ ತಪ್ಪಿದವರಿಗೆ, ಯಂತ್ರ ಕೈಕೊಟ್ಟವರಿಗೆ ಅದೇ ಬಣ್ಣದ ಚೀಟಿ. ಆಮೇಲೆ ಹೆಸರು ಹೆಸರಾಗಿ ಪಟ್ಟಿ ಕಡತಕ್ಕೆ ಸೇರುತ್ತದೆ. ನಮ್ಮಂಥವರಿಗೆ ಸಿಗುವ ಓಟಿನ ದಾಖಲೆ ಎಂದರೆ ಇದೊಂದೇ. ಇದರಲ್ಲೂ ಒಂದು ಕಿಂಡಿ ಇದೆ. ಡಿವಿಷನ್ ಅನಗತ್ಯವಾಗಿ ಕೇಳಿದ್ದಾರೆ ಎಂದು ಸ್ಪೀಕರಿಗೆ ಅನಿಸಿದರೆ ಎದ್ದು ನಿಲ್ಲಿ ಎಂದು ಹೇಳಿ ತಲೆ ಎಣಿಸಿ ಮುಗಿಸಬಹುದು, ಆಗ ಹೆಸರು ಬರೆಯುವುದಿಲ್ಲ.

ಡಿವಿಷನ್ ಕೇಳಿದರೂ ಸಿಗದೆ ಹೋದದ್ದು ಯಾವ ಒಂದು ಪಕ್ಷದ ಕಾಲದ ಕಥೆಯೂ ಅಲ್ಲ. 2014ರ ಫೆಬ್ರವರಿ 18ರಂದು ಯುಪಿಎ ಸರ್ಕಾರ ತೆಲಂಗಾಣ ಮಸೂದೆಯನ್ನು ಲೋಕಸಭೆಯಲ್ಲಿ ಧ್ವನಿಮತದಲ್ಲಿ ಪಾಸು ಮಾಡಿಸಿತು, ಟಿವಿ ನೇರಪ್ರಸಾರವೇ ನಿಂತುಹೋಗಿತ್ತು. ಒಂದು ರಾಜ್ಯ ಒಡೆದು ಎರಡಾಯಿತು, ಯಾರು ಪರ ಯಾರು ವಿರೋಧ ಎಂಬ ಪಟ್ಟಿ ಇಲ್ಲ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳಿಗೆ ವಿರೋಧ ಪಕ್ಷಗಳು ಡಿವಿಷನ್ ಕೇಳಿದವು. ನಿಮ್ಮ ಸೀಟಿನಲ್ಲಿ ಕೂತು ಕೇಳಿ ಎಂದು ಉಪಸಭಾಪತಿ, ಕೇಳಿದ್ದೇವೆ ಎಂದು ಇವರು. ಮೈಕು ಕಿತ್ತಾಟ, ಪುಸ್ತಕ ಹರಿದಾಟ, ಅದರ ನಡುವೆ ಧ್ವನಿಮತ. ಮಾರನೆಯ ದಿನ ಎಂಟು ಜನರ ಅಮಾನತು, ಅವರಲ್ಲಿ ಕರ್ನಾಟಕದ ಸೈಯದ್ ನಾಸಿರ್ ಹುಸೇನ್ ಒಬ್ಬರು. ಒಂದು ವರ್ಷ ರೈತರು ದೆಹಲಿ ಗಡಿಯಲ್ಲಿ ಕೂತರು. 2021ರ ನವೆಂಬರ್ 29ರಂದು ಅವೇ ಕಾನೂನುಗಳನ್ನು ಚರ್ಚೆಯಿಲ್ಲದೆ ವಾಪಸ್ ಪಡೆದರು. ಬರುವಾಗಲೂ ಹೆಸರಿಲ್ಲ, ಹೋಗುವಾಗಲೂ ಹೆಸರಿಲ್ಲ. ನಮ್ಮ ವಿಧಾನ ಪರಿಷತ್ತಿನಲ್ಲೂ 2021ರ ಫೆಬ್ರವರಿಯಲ್ಲಿ ಗೋಹತ್ಯೆ ತಡೆ ಮಸೂದೆಗೆ ಇದೇ ಆಯಿತು. ಆಗ ಅಲ್ಲಿ ಬಿಜೆಪಿಗೆ ಸ್ವಂತ ಬಹುಮತ ಇರಲಿಲ್ಲ. ವಿರೋಧಿಗಳು ಮತ ಎಣಿಸಿ ಅಂದರು, ಪೀಠದಲ್ಲಿದ್ದವರು ಧ್ವನಿಮತದಲ್ಲಿ ಪಾಸು ಅಂದರು.

ನನಗೆ ತುಂಬ ಕಾಡಿದ್ದು ಐಪಿಸಿ. ಕೊಲೆ ಅಂದರೆ 302 ಎಂದು ಸಿನಿಮಾ ನೋಡಿಯೇ ನಮಗೆಲ್ಲ ಬಾಯಿಪಾಠ ಆಗಿತ್ತಲ್ಲ, 1860ರಿಂದ ಇದ್ದ ಆ ಕಾನೂನು ಹೋಗಿ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು, ಈಗ ಕೊಲೆಗೆ 103. ಪೊಲೀಸ್ ಠಾಣೆಯಿಂದ ಸುಪ್ರೀಂ ಕೋರ್ಟ್‌ವರೆಗೆ ದೇಶದ ಪ್ರತಿಯೊಬ್ಬರನ್ನೂ ತಟ್ಟುವ ಮೂರು ಮಸೂದೆಗಳು ಲೋಕಸಭೆಯಲ್ಲಿ ಪಾಸಾಗಿದ್ದು 2023ರ ಡಿಸೆಂಬರ್ 20ರಂದು. ಅದೇ ಅಧಿವೇಶನದಲ್ಲಿ ಎರಡೂ ಸದನ ಸೇರಿ 146 ಸಂಸದರು ಅಮಾನತಾಗಿದ್ದರು, ನಮ್ಮ ಡಿ.ಕೆ. ಸುರೇಶ್ ಹೆಸರು ಕೊನೆಯ ದಿನ ಸೇರಿತು. ಮಸೂದೆಗಳು ಪಾಸಾಗುವಾಗ ಲೋಕಸಭೆಯ ವಿರೋಧ ಪಕ್ಷದ ಸುಮಾರು ನೂರು ಸೀಟು ಖಾಲಿ. ಧ್ವನಿಮತ.

ಹಾಗಾದರೆ ಹೆಸರು ಸಿಗುವುದು ಯಾವಾಗ? ಸಂವಿಧಾನ ತಿದ್ದುಪಡಿಗೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡು ಭಾಗ ಬೇಕು, ಸದನದ ಒಟ್ಟು ಸಂಖ್ಯೆಯ ಅರ್ಧಕ್ಕಿಂತ ಜಾಸ್ತಿಯೂ ಬೇಕು. ಕೂಗಿನಲ್ಲಿ ಅದನ್ನು ಅಳೆಯಲು ಆಗುವುದಿಲ್ಲ, ಎಣಿಸಲೇಬೇಕು. ಅದಕ್ಕೇ 2023ರ ಮಹಿಳಾ ಮೀಸಲಾತಿಗೆ 454 ಪರ, 2 ವಿರೋಧ ಎಂದು ಹೇಳಬಲ್ಲೆವು, ಆ ಇಬ್ಬರು ಅಸಾದುದ್ದೀನ್ ಒವೈಸಿ ಮತ್ತು ಇಮ್ತಿಯಾಜ್ ಜಲೀಲ್ ಎಂದೂ ಹೇಳಬಲ್ಲೆವು. ಇನ್ನು ವಕ್ಫ್ ತಿದ್ದುಪಡಿಯಂಥ ಜಿದ್ದಿನ ಮಸೂದೆಗಳು. 2025ರ ಏಪ್ರಿಲ್‌ನಲ್ಲಿ ಮಧ್ಯರಾತ್ರಿ ದಾಟಿದ ಮೇಲೆ ಲೋಕಸಭೆಯಲ್ಲಿ 288 ಪರ, 232 ವಿರೋಧ. ರಾಜ್ಯಸಭೆಯಲ್ಲಿ 128, 95. ಸದನದ ಕಲಾಪದ ಪಿಡಿಎಫ್ ತೆರೆದರೆ ಕೊನೆಯಲ್ಲಿ ಹೆಸರುಗಳು ಸಾಲಾಗಿ ಇರುತ್ತವೆ. ಮೇಲೆ ಒಂದು ಸಾಲು, ಇದು ತಿದ್ದುಪಡಿಗೆ ಒಳಪಟ್ಟಿದೆ ಎಂದು. ಕೆಲವು ಹೆಸರಿಗೆ ನಕ್ಷತ್ರ, ಕೆಳಗೆ ಚೀಟಿಯಲ್ಲಿ ಮತ ಹಾಕಿದರು ಎಂಬ ಅಡಿಟಿಪ್ಪಣಿ. ನಮ್ಮ ಎಂಪಿ ಹೆಸರು ಸಿಕ್ಕಾಗ ಪರೀಕ್ಷೆಯ ನಂಬರ್ ಹುಡುಕಿದಷ್ಟೇ ಖುಷಿಯಾಯಿತು.

ಆದರೆ ಆ ಓಟು ಅವರದ್ದಾ? ಇಲ್ಲಿ ಇನ್ನೊಂದು ಗಂಟು.

1985ರಲ್ಲಿ ರಾಜೀವ್ ಗಾಂಧಿ ಸರ್ಕಾರ 52ನೇ ತಿದ್ದುಪಡಿ ತಂದು ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿಸಿತು. ಪಕ್ಷಾಂತರ ನಿಷೇಧ ಕಾಯ್ದೆ ಎಂದು ನಾವು ಕರೆಯುವುದು ಇದನ್ನೇ. ಪಕ್ಷ ಬಿಟ್ಟರೆ ಸೀಟು ಹೋಗುತ್ತದೆ, ಇದು ಎಲ್ಲರಿಗೂ ಗೊತ್ತು. ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಆದೇಶ, ಮೀರಿ ಮತ ಹಾಕಿದರೂ, ಮತ ಹಾಕದೆ ಕೂತರೂ ಸೀಟು ಹೋಗಬಹುದು, ಇದು ಅಷ್ಟಾಗಿ ಗೊತ್ತಿಲ್ಲ. ಪಕ್ಷ 15 ದಿನದೊಳಗೆ ಮನ್ನಿಸಿದರೆ ಬಚಾವು. ವಿಪ್ ಸರ್ಕಾರ ಉಳಿಸುವ ದಿನಕ್ಕೆ ಮಾತ್ರವಲ್ಲ, ಯಾವ ಮಸೂದೆಗೆ ಬೇಕಾದರೂ ಹೊರಡಿಸಬಹುದು. ಗುಂಡಿಯ ಮೇಲಿರುವುದು ಎಂಪಿಯ ಬೆರಳು, ಬಣ್ಣ ಯಾವುದು ಎಂದು ತೀರ್ಮಾನ ಮಾಡುವುದು ಪಕ್ಷದ ಕಚೇರಿ.

ಇದು ಅತಿಯಾಯಿತು ಎಂದು ಹೇಳಿದವರು ಇದ್ದಾರೆ. ವಿಶ್ವಾಸಮತದಂಥ ವಿಷಯಕ್ಕಷ್ಟೇ ಈ ಶಿಕ್ಷೆ ಇರಲಿ ಎಂದು 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಹೇಳಿತು. 1992ರ ಕಿಹೋಟೊ ಹೊಲ್ಲೋಹನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು, ಜತೆಗೆ ಇದೇ ಅರ್ಥದ ಮಾತನ್ನೂ ಆಡಿತು. ಕಾಂಗ್ರೆಸ್ಸಿನ ಮನೀಷ್ ತಿವಾರಿ ಇದಕ್ಕಾಗಿ ಖಾಸಗಿ ಮಸೂದೆ ತಂದಿದ್ದಾರೆ. ಖಾಸಗಿ ಮಸೂದೆಗಳ ಹಣೆಬರಹ ಗೊತ್ತೇ ಇದೆ, ಸ್ವಾತಂತ್ರ್ಯ ಬಂದ ಮೇಲೆ ಕಾನೂನಾಗಿದ್ದು 14, ಕೊನೆಯದು 1970ರಲ್ಲಿ. ವಿಪ್ ಕಲಿತದ್ದು ನಾವು ಬ್ರಿಟನ್ನಿನಿಂದ. ಅಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಬ್ರೆಕ್ಸಿಟ್ ವಿಷಯಕ್ಕೆ ಆಳುವ ಪಕ್ಷದ 21 ಸಂಸದರು ಸರ್ಕಾರದ ವಿರುದ್ಧ ಮತ ಹಾಕಿದರು. ಪಕ್ಷ ಅವರನ್ನು ದೂರ ಇಟ್ಟಿತು, ಆದರೆ ಅವರ ಸೀಟು ಮುಟ್ಟಲು ಆಗಲಿಲ್ಲ.

ಇಷ್ಟೆಲ್ಲ ಕಟ್ಟಿಹಾಕಿಯೂ ಪಕ್ಷಾಂತರ ನಿಂತಿತಾ ಎಂದರೆ, ಅದನ್ನು ಕರ್ನಾಟಕದವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99ಕ್ಕೆ 105ರಿಂದ ಬಿತ್ತು. 17 ಶಾಸಕರು ಅನರ್ಹರಾದರು. ಅನರ್ಹತೆ ಸರಿ, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಎಂದು ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರ್ ಉಪಚುನಾವಣೆಯಲ್ಲಿ ಅವರಲ್ಲಿ ಬಹುಪಾಲು ಜನ ಬಿಜೆಪಿಯಿಂದ ಗೆದ್ದು ಬಂದರು, ಹಲವರು ಮಂತ್ರಿಯೂ ಆದರು. ಒಂದು ಮಸೂದೆಗೆ ಮನಸ್ಸಾಕ್ಷಿಯಿಂದ ಇಲ್ಲ ಅನ್ನುವವನನ್ನು ಹೆದರಿಸುವ ಕಾಯ್ದೆ, ಗುಂಪು ಕಟ್ಟಿಕೊಂಡು ರೆಸಾರ್ಟಿಗೆ ಹೋಗುವವರನ್ನು ತಡೆಯಲಿಲ್ಲ.

ಆ 17ರಲ್ಲೇ ಇದ್ದ ಇಬ್ಬರು, ಯಶವಂತಪುರದ ಎಸ್.ಟಿ. ಸೋಮಶೇಖರ್ ಮತ್ತು ಯಲ್ಲಾಪುರದ ಶಿವರಾಮ ಹೆಬ್ಬಾರ್, 2024ರ ಫೆಬ್ರವರಿ 27ರ ರಾಜ್ಯಸಭಾ ಚುನಾವಣೆಯಲ್ಲಿ ಮತ್ತೆ ಸುದ್ದಿಯಾದರು. ಬಿಜೆಪಿ ಶಾಸಕರಾಗಿದ್ದ ಸೋಮಶೇಖರ್ ಕಾಂಗ್ರೆಸ್ಸಿಗೆ ಅಡ್ಡ ಮತ ಹಾಕಿದರು, ಹೆಬ್ಬಾರ್ ಮತಗಟ್ಟೆಗೇ ಬರಲಿಲ್ಲ. ಗೊತ್ತಾಗಿದ್ದು ಹೇಗೆ? 2003ರಿಂದ ಈ ಚುನಾವಣೆಯಲ್ಲಿ ಮತ ತೆರೆದೇ ಹಾಕಬೇಕು, ಪಕ್ಷದ ಏಜೆಂಟರಿಗೆ ಚೀಟಿ ತೋರಿಸಬೇಕು. ಆದರೆ ಹತ್ತನೇ ಅನುಸೂಚಿ ಇದಕ್ಕೆ ಅನ್ವಯಿಸುವುದಿಲ್ಲ. ಪಕ್ಷ ಅವರನ್ನು 2025ರಲ್ಲಿ ಉಚ್ಚಾಟಿಸಿತು, ಆ ಮತದಿಂದ ಶಾಸಕ ಸ್ಥಾನ ಹೋಗಲಿಲ್ಲ. ಮತ ಗೊತ್ತಾಗುವುದು, ಸ್ಥಾನ ಉಳಿಯುವುದು ಎರಡೂ ಕೂಡಿದ ಅಪರೂಪದ ಜಾಗ ಇದು. ಏನು ಮಾಡೋಣ, ಅಲ್ಲಿ ತೀರ್ಮಾನ ಆಗುವುದು ಕಾನೂನಲ್ಲ, ಯಾರು ರಾಜ್ಯಸಭೆಗೆ ಹೋಗಬೇಕು ಎಂಬುದು.

ಎಂಪಿಯ ಸ್ವಂತ ಬುದ್ಧಿ ಕಾಗದದ ಮೇಲೆ ಸ್ವಲ್ಪವಾದರೂ ಕಾಣುವುದು ಸಮಿತಿಗಳಲ್ಲಿ. 24 ಇಲಾಖಾವಾರು ಸ್ಥಾಯಿ ಸಮಿತಿಗಳಿವೆ, ಒಂದೊಂದರಲ್ಲಿ 31 ಜನ. ಬಾಗಿಲು ಮುಚ್ಚಿ ಸಭೆ, ಟಿವಿ ಇಲ್ಲ, ಹಾಗಾಗಿ ಕೂಗಾಟವೂ ಕಡಿಮೆ. ವರದಿಯ ಹಿಂದೆ ಯಾವ ಸಭೆಗೆ ಯಾರು ಬಂದಿದ್ದರು ಎಂದು ಇರುತ್ತದೆ. ಒಪ್ಪದವರು ಭಿನ್ನಮತದ ಟಿಪ್ಪಣಿ ಬರೆದಿರುತ್ತಾರೆ, ಕಾರಣ ಸಮೇತ. ವಕ್ಫ್ ಮಸೂದೆಯ ಜಂಟಿ ಸಮಿತಿಯಲ್ಲಿ ಕರ್ನಾಟಕದ ತೇಜಸ್ವಿ ಸೂರ್ಯ ಒಂದು ಕಡೆ, ನಾಸಿರ್ ಹುಸೇನ್ ಇನ್ನೊಂದು ಕಡೆ ಇದ್ದರು. ತಮ್ಮ ಟಿಪ್ಪಣಿಯ ಭಾಗಗಳನ್ನು ವರದಿಯಲ್ಲಿ ಮುಚ್ಚಿಹಾಕಿದ್ದಾರೆ ಎಂದು ಹುಸೇನ್ ರಾಜ್ಯಸಭೆಯಲ್ಲಿ ಗಲಾಟೆ ಮಾಡಿದ್ದು ಇದಕ್ಕೇ. ವಾಟ್ಸ್‌ಆಪ್ ಚಿತ್ರದಲ್ಲಿ ಮಾತ್ರ ಸಮಿತಿಗೆ ಜಾಗವೇ ಇಲ್ಲ.

ಮೂರನೇ ಸಂಜೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ವಕ್ಫ್ ಮಸೂದೆಯ ಪಟ್ಟಿ ಸಿಕ್ಕಿದೆ, ನಮ್ಮ ಎಂಪಿ ತಮ್ಮ ಪಕ್ಷದವರೆಲ್ಲ ಒತ್ತಿದ ಗುಂಡಿಯನ್ನೇ ಒತ್ತಿದ್ದಾರೆ ಅಂದೆ.

"ಯಾಕೆ ಅಂತ ಮಾತಾಡಿದ್ರಾ?"

"ಇಲ್ಲ ಚಿಕ್ಕಪ್ಪ, ವಿಪ್ ಇತ್ತು."

"ಅದಿರಲಿ, ಐಪಿಸಿ ತೆಗೆದ್ರಲ್ಲ, ಆವಾಗಲೂ ಇವರೇ ಅಲ್ವಾ ಇದ್ದಿದ್ದು? ಅದಕ್ಕೇನಂದ್ರು?"

"ಅದಕ್ಕೆ ಪಟ್ಟಿಯೇ ಇಲ್ಲ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಆವತ್ತಿನ ಹಾಜರಿ?"

"ಸಹಿ ಇದೆ."